ಅಕ್ಕನಿಗೆ ಐದರಲ್ಲೊಂದು, ನನಗೆ ಎರಡರಲ್ಲೊಂದು

ನಾನೂ ಅಕ್ಕನೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಎದುರಿಗಿದ್ದ ಆನುವಂಶಿಕ ರೋಗಗಳ ಸಲಹೆಗಾರ್ತಿ ಕಾಗದದಲ್ಲಿ ಅಕ್ಕನ ಹೆಸರಿನ ಕೆಳಗೆ 1/5 ಅಂತ ಬರೆದರು, ನನ್ನ ಹೆಸರಿನ ಕೆಳಗೆ 1/2 ಅಂತ ಬರೆದರು. ತಮ್ಮನ ಕಾಯಿಲೆಯ ಜೀನು ನಮ್ಮಲ್ಲೂ ಇರುವ ಸಾಧ್ಯತೆ ಅದು. ಒಂದೇ ಅಪ್ಪ, ಒಂದೇ ಅಮ್ಮ. ಭಯ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. ಚಿಕ್ಕಂದಿನಿಂದ ಎಲ್ಲದರಲ್ಲೂ ಇವಳಿಗೇ ಒಳ್ಳೆಯ ಪಾಲು, ಇದರಲ್ಲೂ ಹಾಗೇನಾ ಅನ್ನಿಸಿತು.

ನಮ್ಮ ತಮ್ಮನಿಗೆ ಹಿಮೋಫಿಲಿಯಾ ಇದೆ. ಕುಸುಮ ರೋಗ ಅಂತ ಕೆಲವರು ಕರೆಯುವ ಅದೇ ಕಾಯಿಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳ ಸಾಲಿನಲ್ಲಿ ಎಂಟನೆಯದು, ಫ್ಯಾಕ್ಟರ್ 8, ಅವನಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಗಾಯವಾದರೆ ರಕ್ತ ಕೊಡ ಸುರಿದ ಹಾಗೆ ಹರಿಯುತ್ತದೆ ಅಂತ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಅವನನ್ನು ಸವೆಸಿದ್ದು ಕಣ್ಣಿಗೆ ಕಾಣದ ರಕ್ತ. ಏಟೇ ಬೀಳದೆ ಮೊಣಕಾಲಿನ ಒಳಗೆ ಒಸರುತ್ತಿತ್ತು; ಬೆಳಿಗ್ಗೆ ಎದ್ದರೆ ಕಾಲು ಮಡಚಲು ಬರುತ್ತಿರಲಿಲ್ಲ. ಅವನ ಎಡ ಮೊಣಕಾಲು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಸೋದರಮಾವನ ಕಾಲೂ ಹಾಗೇ ಇತ್ತು. ‘ಮಾವನ ಕಾಲು ಅಳಿಯನಿಗೆ ಬಂತು’ ಅನ್ನುವುದು ನಮ್ಮ ನೆಂಟರಿಷ್ಟರ ಮಾತು. ಇದು ಒಂದು ತಲೆಮಾರು ಬಿಟ್ಟು ಇನ್ನೊಂದು ತಲೆಮಾರಿಗೆ ಹಾರುತ್ತದೆ ಅನ್ನುವುದು ಅವರ ಸಿದ್ಧಾಂತ.

ಮಗು ಬೇಕು ಅಂತ ನಿರ್ಧಾರ ಮಾಡಿದ ಮೇಲೆ ನಾನು ಪರೀಕ್ಷೆಗೆ ಹೊರಟೆ. ಅಮ್ಮನನ್ನು ಕರೆದುಕೊಂಡು ಬನ್ನಿ ಅಂದಿದ್ದರು, ಹಳೆಯ ಕಥೆಗಳು ಬೇಕಾಗುತ್ತವೆ ಅಂತ. ಅಕ್ಕ ಬಂದದ್ದು ಬರೀ ಜೊತೆಗೆ. ‘ನನಗೆ ಇಬ್ಬರು ಗಂಡು ಮಕ್ಕಳು, ಇಬ್ಬರೂ ಕಲ್ಲುಗುಂಡಿನ ಹಾಗಿದ್ದಾರೆ. ನನಗ್ಯಾಕೆ ಪರೀಕ್ಷೆ?’ ಅನ್ನುತ್ತಲೇ ಬಂದಳು.

ಸಲಹೆಗಾರ್ತಿ ಮೊದಲು ಸೂಜಿ ತೆಗೆಯಲಿಲ್ಲ, ಪೆನ್ಸಿಲ್ ತೆಗೆದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ರೋಗ ಇದ್ದವರ ಚೌಕವನ್ನು ಕಪ್ಪು ಮಾಡುತ್ತಾರೆ. ತೀರಿಕೊಂಡವರ ಮೇಲೆ ಓರೆಗೆರೆ. ರೋಗದ ಜೀನನ್ನು ಹೊತ್ತ ಹೆಣ್ಣಿಗೆ ವೃತ್ತದ ನಟ್ಟನಡುವೆ ಒಂದು ಚುಕ್ಕೆ. ಅಪ್ಪನ ಕಡೆಯದನ್ನು ಎರಡೇ ನಿಮಿಷದಲ್ಲಿ ಮುಗಿಸಿದರು. ‘ನಮ್ಮ ಕಡೆ ಯಾರಿಗೂ ಇಲ್ಲ’ ಅಂತ ಅಪ್ಪ ವರ್ಷಗಟ್ಟಲೆ ಹೇಳುತ್ತಿದ್ದ ಮಾತು ಸರಿಯೇ. ಮಗನಿಗೆ ಅಪ್ಪನಿಂದ ಹೋಗುವುದು ವೈ ವರ್ಣತಂತು. ಫ್ಯಾಕ್ಟರ್ 8ರ ಜೀನು ಇರುವುದು ಎಕ್ಸ್ ಮೇಲೆ, ಅದು ಅಮ್ಮನಿಂದಲೇ ಬರಬೇಕು. ಮಾತು ಸರಿ ಇತ್ತು, ಅದನ್ನು ಅವರು ಹೇಳುತ್ತಿದ್ದ ದನಿ ಸರಿ ಇರಲಿಲ್ಲ.

ಆಮೇಲೆ ಅಮ್ಮನ ಕಡೆ ಬಂದರು. ‘ನಿಮಗೆ ಅಣ್ಣತಮ್ಮಂದಿರು ಎಷ್ಟು ಜನ?’

‘ಒಬ್ಬ,’ ಅಂದಳು ಅಮ್ಮ. ಸಲಹೆಗಾರ್ತಿ ಚೌಕ ಬರೆದು ಕಪ್ಪು ತುಂಬುತ್ತಿದ್ದರು. ಅದು ಪೂರ್ತಿ ತುಂಬುವವರೆಗೆ ಅಮ್ಮ ನೋಡುತ್ತಲೇ ಇದ್ದಳು. ಆಮೇಲೆ, ‘ಇಬ್ಬರು. ಇನ್ನೊಂದು ಉಳಿಯಲಿಲ್ಲ’ ಅಂದಳು.

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ನಮಗೆ ಇನ್ನೊಬ್ಬ ಮಾವ ಇದ್ದ ಅನ್ನುವುದು ಅವತ್ತೇ ಗೊತ್ತಾದದ್ದು. ಆ ಮಗು ಆಗತಾನೇ ಹೆಜ್ಜೆ ಇಡಲು ಕಲಿಯುತ್ತಿತ್ತಂತೆ. ಮುಗ್ಗರಿಸಿ ಬಿತ್ತು. ಮೇಲ್ದುಟಿಯನ್ನು ಒಸಡಿಗೆ ಅಂಟಿಸಿಕೊಂಡಿರುವ ಸಣ್ಣ ಎಳೆ ಇದೆಯಲ್ಲ, ಅದು ಹರಿಯಿತು. ಎಷ್ಟೋ ಮಕ್ಕಳಿಗೆ ಹರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ರಕ್ತ ನಿಲ್ಲುತ್ತದೆ. ಈ ಮಗುವಿಗೆ ಮೂರು ದಿನವಾದರೂ ನಿಲ್ಲಲಿಲ್ಲ. ತಾನು ಮಗುವನ್ನು ಬಿಟ್ಟು ಒಳಗೆ ಹೋದದ್ದಕ್ಕೇ ಹೀಗಾಯಿತು ಅಂತ ಅಜ್ಜಿ ಸಾಯುವವರೆಗೂ ನಂಬಿದ್ದಳಂತೆ. ಉಳಿದವರೂ ಅವಳನ್ನು ಹಾಗೆಯೇ ನಂಬಿಸಿದ್ದರು.

ಸಲಹೆಗಾರ್ತಿ ಇನ್ನೊಂದು ಚಿಕ್ಕ ಚೌಕ ಬರೆದರು, ಓರೆಗೆರೆ ಎಳೆದರು, ಒಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಬಾಯೊಳಗಿನ ಆ ಎಳೆ ಹರಿದು ರಕ್ತ ನಿಲ್ಲದಿರುವುದು ಹಿಮೋಫಿಲಿಯಾ ಇರುವ ಕೂಸುಗಳಲ್ಲಿ ಮೊದಲು ಕಾಣಿಸುವ ಲಕ್ಷಣಗಳಲ್ಲಿ ಒಂದು ಅಂದರು. ಅಜ್ಜಿಯ ವೃತ್ತದಲ್ಲಿ ಚುಕ್ಕೆ ಇಟ್ಟರು. ಅಮ್ಮನ ವೃತ್ತಕ್ಕೂ ಚುಕ್ಕೆ: ಅಣ್ಣನಿಗೂ ಇದೆ, ಮಗನಿಗೂ ಇದೆ ಅಂದಮೇಲೆ ನಡುವೆ ಇರುವ ಇವಳಲ್ಲಿ ಇರಲೇಬೇಕು, ಪರೀಕ್ಷೆಯ ಅಗತ್ಯವೇ ಇಲ್ಲ. ಆಮೇಲೆ ಅಜ್ಜಿಯ ಚುಕ್ಕೆಯಿಂದ ಅಮ್ಮನ ಚುಕ್ಕೆಗೆ, ಅಲ್ಲಿಂದ ತಮ್ಮನ ಕಪ್ಪು ಚೌಕಕ್ಕೆ ಬೆರಳಿಟ್ಟು ಎಳೆದು, ‘ಎಲ್ಲಿ ಹಾರಿತು ನೋಡಿ?’ ಅಂದರು. ಎಲ್ಲೂ ಹಾರಿರಲಿಲ್ಲ. ಪ್ರತಿ ತಲೆಮಾರಿನಲ್ಲೂ ಇತ್ತು.

ಗಂಡಿನಲ್ಲಿ ಇರುವುದು ಒಂದೇ ಎಕ್ಸ್. ಅದರ ಮೇಲಿನ ಜೀನು ಕೆಟ್ಟರೆ ಬದಲಿ ಇಲ್ಲ, ಹಾಗಾಗಿ ರೋಗ ನೇರ ಎದ್ದು ಕಾಣುತ್ತದೆ. ಹೆಣ್ಣಿನಲ್ಲಿ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಅಪ್ರಬಲ ಗುಣ ಅನ್ನುವುದು ಇದಕ್ಕೇ. ಕೆಂಪು–ಹಸಿರು ಬಣ್ಣಗುರುಡು, ಡುಶೆನ್ ಸ್ನಾಯುಕ್ಷಯ, ಕೆಂಪು ರಕ್ತಕಣಗಳು ಸುಲಭವಾಗಿ ಒಡೆಯುವ ಜಿ6ಪಿಡಿ ಕೊರತೆ, ಎಲ್ಲವೂ ಇದೇ ದಾರಿ ಹಿಡಿದು ಬರುತ್ತವೆ. ಜೀನು ಹೊತ್ತ ತಾಯಿಯ ಪ್ರತಿ ಮಗನಿಗೂ ರೋಗ ಬರುವ ಸಾಧ್ಯತೆ ಅರ್ಧ, ಪ್ರತಿ ಮಗಳೂ ಅದನ್ನು ಹೊರುವ ಸಾಧ್ಯತೆ ಅರ್ಧ. ‘ಒಬ್ಬನಿಗೆ ಬಂದಾಯ್ತಲ್ಲ, ಇನ್ನು ಉಳಿದವರು ಪಾರು’ ಅನ್ನುವ ಲೆಕ್ಕ ನಮ್ಮ ಮನೆಯಲ್ಲೂ ಇತ್ತು. ನಾಣ್ಯ ಚಿಮ್ಮಿದಾಗ ಹಿಂದಿನ ಸಲ ಏನು ಬಿತ್ತು ಅನ್ನುವುದು ನಾಣ್ಯಕ್ಕೆ ನೆನಪಿರುವುದಿಲ್ಲ.

ಹಾಗಿದ್ದರೆ ಅಕ್ಕನಿಗೂ ಅರ್ಧವೇ ಇರಬೇಕಿತ್ತಲ್ಲ, ಐದರಲ್ಲೊಂದು ಎಲ್ಲಿಂದ ಬಂತು? ನಾನು ಕೇಳಿಯೇಬಿಟ್ಟೆ. ಅವರು ಹಾಳೆಯ ಹಿಂಬದಿಗೆ ತಿರುಗಿಸಿದರು.

‘ನಿಮ್ಮ ಅಕ್ಕನಂಥ 80 ಹೆಂಗಸರು ಇದ್ದಾರೆ ಅಂದುಕೊಳ್ಳಿ. ಎಲ್ಲರ ತಾಯಂದಿರಲ್ಲೂ ಜೀನು ಇದೆ. ಅಂದರೆ ಇವರಲ್ಲಿ 40 ಜನರಿಗೆ ಬಂದಿದೆ, 40 ಜನರಿಗೆ ಬಂದಿಲ್ಲ. ಎಲ್ಲರಿಗೂ ಇಬ್ಬಿಬ್ಬರು ಗಂಡು ಮಕ್ಕಳು. ಬಂದಿಲ್ಲದ 40 ತಾಯಂದಿರ ಮಕ್ಕಳೂ ಆರೋಗ್ಯವಾಗಿರುತ್ತಾರೆ. ಬಂದಿರುವ 40 ಜನರಲ್ಲಿ ಮೊದಲ ಮಗ ಆರೋಗ್ಯವಾಗಿರುವುದು 20 ಜನಕ್ಕೆ, ಎರಡನೆಯವನೂ ಆರೋಗ್ಯವಾಗಿರುವುದು ಅದರಲ್ಲಿ 10 ಜನಕ್ಕೆ. ಈಗ ಇಬ್ಬರು ಆರೋಗ್ಯವಂತ ಗಂಡು ಮಕ್ಕಳಿರುವ ತಾಯಂದಿರನ್ನು ಮಾತ್ರ ಒಂದು ಕಡೆ ನಿಲ್ಲಿಸಿ. ಎಷ್ಟಾದರು? 40 ಮತ್ತು 10, ಒಟ್ಟು 50. ಅವರಲ್ಲಿ ಜೀನು ಇರುವವರು 10.’

ಐದರಲ್ಲೊಂದು. ಒಬ್ಬನೇ ಆರೋಗ್ಯವಂತ ಮಗನಿದ್ದರೆ ಮೂರರಲ್ಲೊಂದು, ಮೂವರಿದ್ದರೆ ಒಂಬತ್ತರಲ್ಲೊಂದು. ಎಷ್ಟೇ ಮಕ್ಕಳಾದರೂ ಸೊನ್ನೆಗೆ ಮಾತ್ರ ಇಳಿಯುವುದಿಲ್ಲ. ಮಕ್ಕಳಿಂದ ಅಕ್ಕನ ದೇಹದಲ್ಲಿ ಏನೂ ಬದಲಾಗಿರಲಿಲ್ಲ, ಅವಳ ಬಗ್ಗೆ ನಮಗೆ ತಿಳಿದದ್ದು ಹೆಚ್ಚಾಗಿತ್ತು ಅಷ್ಟೇ. ನನಗೆ ಇನ್ನೂ ಮಕ್ಕಳಿಲ್ಲ, ನನ್ನ ಬಗ್ಗೆ ಯಾವ ಸುಳಿವೂ ಇಲ್ಲ, ಅದಕ್ಕೇ ಅರ್ಧಕ್ಕೇ ನಿಂತಿದ್ದೆ. ನನ್ನ ಸಿಟ್ಟು ಇಳಿಯಿತು. ಶಾಲೆಯಲ್ಲಿ ಸಂಭವನೀಯತೆಯ ಪಾಠವನ್ನು ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ನಾನು ಗಣಿತ ಬಿಡುತ್ತಿರಲಿಲ್ಲವೇನೋ.

ಅಷ್ಟಕ್ಕೂ ಅಕ್ಕ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿದ್ದು ಈ ಲೆಕ್ಕದಿಂದಲ್ಲ. ‘ಹೇಗೂ ಬಂದಿದ್ದೀನಿ, ತಗೊಳ್ಳಿ’ ಅಂತ ತೋಳು ಚಾಚಿದಳು.

ಎರಡು ಬಗೆಯ ಪರೀಕ್ಷೆ. ಒಂದು, ರಕ್ತದಲ್ಲಿ ಫ್ಯಾಕ್ಟರ್ 8ರ ಮಟ್ಟ ಎಷ್ಟಿದೆ ಅಂತ ಅಳೆಯುವುದು. ಇನ್ನೊಂದು ಡಿಎನ್‌ಎ. ತಡವಾಯಿತು ಅಂತ ನಾನು ಮೆಟ್ಟಿಲನ್ನು ಓಡಿ ಹತ್ತಿ ಬಂದಿದ್ದೆ. ರಕ್ತ ತೆಗೆಯುವಾಕೆ ‘ಇಪ್ಪತ್ತು ನಿಮಿಷ ಸುಮ್ಮನೆ ಕೂತಿರಿ’ ಅಂದರು. ಓಡಿದರೆ, ಗಾಬರಿಯಾದರೆ, ಜ್ವರ ಬಂದರೆ ಈ ಫ್ಯಾಕ್ಟರ್ ಏರುತ್ತದಂತೆ. ಬಸುರಿನಲ್ಲಂತೂ ತುಂಬ ಏರುತ್ತದೆ. ಆ ಕೊನೆಯ ಮಾತು ಆಗ ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಡಿಎನ್‌ಎಗೆ ಮೊದಲು ಬೇಕಾದದ್ದು ನಮ್ಮ ರಕ್ತವಲ್ಲ, ತಮ್ಮನದು. ಈ ಜೀನು ಸುಮಾರು 1,86,000 ಅಕ್ಷರಗಳ ಉದ್ದ. ಕೆಡಲು ಸಾವಿರಾರು ಬಗೆಗಳಿವೆ. ತಪ್ಪು ಯಾವ ಪುಟದಲ್ಲಿದೆ ಅನ್ನುವುದನ್ನು ಮೊದಲು ಅವನ ಪ್ರತಿಯಲ್ಲಿ ಹುಡುಕಿಕೊಂಡರೆ, ನಮ್ಮ ಪ್ರತಿಗಳಲ್ಲಿ ಅದೊಂದೇ ಪುಟ ತೆರೆದು ನೋಡಬಹುದು. ‘ಅಂತೂ ನನ್ನ ರಕ್ತದಿಂದ ಒಬ್ಬರಿಗೆ ಉಪಯೋಗ ಆಯ್ತು’ ಅಂತ ತಮ್ಮ ನಕ್ಕ. ಜೀವಮಾನವಿಡೀ ಬೇರೆಯವರ ರಕ್ತದಿಂದ ತೆಗೆದದ್ದನ್ನು ಹಾಕಿಸಿಕೊಂಡು ಬೆಳೆದವನು ಅವನು.

ಮಟ್ಟದ ಫಲಿತಾಂಶ ಮೊದಲು ಬಂತು. ಶೇಕಡಾ ಲೆಕ್ಕದಲ್ಲಿ ಸಾಮಾನ್ಯವಾಗಿ 50ರಿಂದ 150 ಇರಬೇಕು. ಅಮ್ಮನದು 88. ನನ್ನದು 64. ಅಕ್ಕನದು 29.

ನಾನು ನೋಡಿದ್ದು ನನ್ನ 64 ಮಾತ್ರ. ಖಚಿತವಾಗಿ ಜೀನು ಹೊತ್ತಿರುವ ಅಮ್ಮನದೇ 88 ಇದ್ದು ನನ್ನದು ಅದಕ್ಕಿಂತ ಕಡಿಮೆ ಅಂದಮೇಲೆ ಮುಗಿಯಿತು ಅಂದುಕೊಂಡೆ. ಆ ರಾತ್ರಿ ಗಂಡನ ಜೊತೆ ಮಾತಾಡಲೂ ಆಗಲಿಲ್ಲ. ಮಾರನೆಯ ದಿನ ಫೋನಿನಲ್ಲಿ ಸಲಹೆಗಾರ್ತಿ, ‘ಈ ಸಂಖ್ಯೆಯಿಂದ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು’ ಅಂದರು. ನನ್ನದು ಓ ಗುಂಪಿನ ರಕ್ತ. ಆ ಗುಂಪಿನವರಲ್ಲಿ ಫ್ಯಾಕ್ಟರ್ 8 ಸ್ವಭಾವತಃ ಉಳಿದವರಿಗಿಂತ ಕಡಿಮೆ. ವಯಸ್ಸಾದ ಹಾಗೆ ಅದು ಏರುತ್ತದೆ, ಅಮ್ಮನಿಗೆ ವಯಸ್ಸಾಗಿದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ ಅಂತ ಬೆಕ್ಕಿನ ಕಥೆ ಹೇಳಿದರು.

ಕಪ್ಪು ಮತ್ತು ಕಿತ್ತಳೆ ಬಣ್ಣದ ತೇಪೆ ಹಾಕಿದಂತಿರುವ ಬೆಕ್ಕನ್ನು ನೋಡಿದ್ದೀರಲ್ಲ? ಅದು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕಿತ್ತಳೆ ಬಣ್ಣದ ಜೀನು ಎಕ್ಸ್ ಮೇಲಿದೆ. ಹೆಣ್ಣು ಭ್ರೂಣ ಇನ್ನೂ ತೀರ ಎಳೆಯದಾಗಿರುವಾಗಲೇ ಪ್ರತಿ ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮಡಚಿ ಮೂಲೆಗಿಡುತ್ತದೆ. ಯಾವುದನ್ನು ಅನ್ನುವುದಕ್ಕೆ ನಿಯಮವಿಲ್ಲ. ಆ ಜೀವಕೋಶದ ಸಂತಾನವೆಲ್ಲ ಅದೇ ಆಯ್ಕೆಯನ್ನು ಪಾಲಿಸುತ್ತದೆ. ಒಂದು ಕಡೆ ಕಪ್ಪು ತೇಪೆ, ಇನ್ನೊಂದು ಕಡೆ ಕಿತ್ತಳೆ ತೇಪೆ. 1961ರಲ್ಲಿ ಮೇರಿ ಲಯಾನ್ ಎಂಬ ವಿಜ್ಞಾನಿ ಇಲಿಗಳ ಮೈಬಣ್ಣ ನೋಡಿ ಮುಂದಿಟ್ಟ ವಿಚಾರ ಇದು. ಹಾಗಾಗಿ ಜೀನು ಹೊತ್ತ ಹೆಣ್ಣಿನಲ್ಲಿ ಫ್ಯಾಕ್ಟರ್ ತಯಾರಿಸುವ ಜೀವಕೋಶಗಳಲ್ಲಿ ಸರಾಸರಿ ಅರ್ಧ ಮಾತ್ರ ಸರಿಯಾದ ಎಕ್ಸನ್ನು ಬಳಸುತ್ತಿರುತ್ತವೆ. ಸರಾಸರಿ ಅಷ್ಟೇ. ಅದೃಷ್ಟ ಒಂದು ಕಡೆ ವಾಲಿದರೆ ಅಮ್ಮನ ಹಾಗೆ 88. ಇನ್ನೊಂದು ಕಡೆ ವಾಲಿದರೆ?

ಇನ್ನೊಂದು ಕಡೆ ವಾಲಿದರೆ 29. ಆ ಪ್ರಶ್ನೆಯನ್ನು ನಾನು ಆಗ ಕೇಳಲಿಲ್ಲ. ನನ್ನ ಚಿಂತೆಯೇ ನನಗೆ ಹಾಸಿ ಹೊದೆಯುವಷ್ಟಿತ್ತು.

ಕೆಲವು ವಾರಗಳ ನಂತರ ಡಿಎನ್‌ಎ ಫಲಿತಾಂಶಕ್ಕೆ ಮತ್ತೆ ಅದೇ ಬೆಂಚು. ತಮ್ಮನ ಜೀನಿನಲ್ಲಿ ಒಂದು ದೊಡ್ಡ ತುಂಡು ತಲೆಕೆಳಗಾಗಿ ಕೂತಿದೆ, 26 ಖಂಡಗಳ ಜೀನಿನ ಮೊದಲ 22 ಖಂಡಗಳು ಉಳಿದ ನಾಲ್ಕರಿಂದ ಬೇರೆಯಾಗಿ ಹಿಂದುಮುಂದಾಗಿವೆ ಅಂದರು. ಫ್ಯಾಕ್ಟರ್ 8ರ ಕೊರತೆಯಿಂದ ಬರುವ ಈ ಬಗೆಗೆ ಹಿಮೋಫಿಲಿಯಾ ಎ ಅನ್ನುತ್ತಾರೆ. ಅದು ತೀವ್ರವಾಗಿ ಇರುವವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಲ್ಲಿ ಇರುವುದು ಇದೇ ತಪ್ಪು. ‘ನಿಮ್ಮಲ್ಲಿ ಅದು ಇಲ್ಲ,’ ಅಂತ ನನಗೆ ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ, ‘ನನ್ನಲ್ಲಿದೆ’ ಅಂದಳು.

ನನ್ನ ಫೈಲು ಐದು ನಿಮಿಷದಲ್ಲಿ ಮುಚ್ಚಿತು. ಗರ್ಭದಲ್ಲಿ ಪರೀಕ್ಷೆ ಬೇಕಿಲ್ಲ, ಹೆರಿಗೆಗೆ ವಿಶೇಷ ಸಿದ್ಧತೆ ಬೇಕಿಲ್ಲ. ಅಷ್ಟು ದಿನ ಹೊತ್ತ ಭಾರ ಇಳಿಯಿತು ಅಂತ ಕುಣಿಯುವ ಹಾಗೂ ಇರಲಿಲ್ಲ. ಪಕ್ಕದಲ್ಲಿ ಅಕ್ಕ ಬೆರಳಲ್ಲಿ ಬೆಂಚಿನ ಅಂಚನ್ನು ಕೆರೆಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ‘ಐದರಲ್ಲಿ ಒಬ್ಬರಿಗೆ ಅಂದರೆ ಒಬ್ಬರಿಗೆ ಇರಲೇಬೇಕಲ್ಲ’ ಅಂದಳು.

ಈ ಕಥೆಯ ನಿಜವಾದ ಭಾಗ ಶುರುವಾದದ್ದು ಆಮೇಲೆ, ಪಕ್ಕದ ಕೋಣೆಯ ರಕ್ತರೋಗ ತಜ್ಞೆ ಅಕ್ಕನನ್ನು ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದಾಗ. ಮುಟ್ಟು ಎಷ್ಟು ದಿನ? ಎಂಟು, ಒಮ್ಮೊಮ್ಮೆ ಹತ್ತು. ರಾತ್ರಿ ಎದ್ದು ಪ್ಯಾಡ್ ಬದಲಾಯಿಸಬೇಕಾಗುತ್ತಿತ್ತೇ? ಎರಡು ಸಲ. ಹೆಪ್ಪು ಹೆಪ್ಪಾಗಿ ಹೋಗುತ್ತಿತ್ತೇ? ಎಲ್ಲರಿಗೂ ಹೋಗಲ್ವಾ? ಕಬ್ಬಿಣದ ಮಾತ್ರೆ? ಹದಿಮೂರನೇ ವಯಸ್ಸಿನಿಂದ. ಹಲ್ಲು ಕೀಳಿಸಿದ್ದು? ಬುದ್ಧಿಹಲ್ಲು ಕೀಳಿಸಿದಾಗ ದಿಂಬಿನ ತುಂಬ ರಕ್ತವಾಗಿ ಮೂರು ಸಲ ವಾಪಸು ಹೋಗಿದ್ದಳು. ‘ನಾಲಿಗೆಯಿಂದ ಮುಟ್ಟುತ್ತಿದ್ದೀರಿ’ ಅಂತ ಅಲ್ಲಿ ಬೈಸಿಕೊಂಡಿದ್ದಳು. ತಲೆನೋವಿಗೆ ಏನು ತಗೊಳ್ತೀರಿ? ಆಸ್ಪಿರಿನ್. ತಜ್ಞೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ರಕ್ತ ಹೆಪ್ಪುಗಟ್ಟುವುದನ್ನು ಅದು ಇನ್ನಷ್ಟು ತಡೆಯುತ್ತದೆ.

ಹೆರಿಗೆ? ಎರಡನೆಯದು ಸುಸೂತ್ರ ಆಗಿತ್ತು. ಆರನೆಯ ದಿನ ಮನೆಯಲ್ಲಿ ರಕ್ತಸ್ರಾವ ಶುರುವಾಗಿ ಎರಡು ಬಾಟಲಿ ರಕ್ತ ಹಾಕಿಸಬೇಕಾಯಿತು. ಬಾಣಂತಿ ಜಾಸ್ತಿ ಓಡಾಡಿದ್ದಕ್ಕೆ ಹೀಗಾಯಿತು ಅಂತ ಆಗ ಎಲ್ಲರೂ ಅಂದೆವು. ನಾನೂ ಅಂದಿದ್ದೆ. ತಜ್ಞೆ ಕಾಗದದಲ್ಲಿ ಒಂದು ಗೆರೆ ಎಳೆದರು: ಬಸುರಿನಲ್ಲಿ ಫ್ಯಾಕ್ಟರ್ 8 ಏರುತ್ತಾ ಹೋಗಿ ಹೆರಿಗೆಯ ಹೊತ್ತಿಗೆ ಸಾಕಷ್ಟಿರುತ್ತದೆ. ಹೆರಿಗೆಯಾದ ಕೆಲ ದಿನಗಳಲ್ಲಿ ಅದು ಮತ್ತೆ ತನ್ನ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಅಪಾಯ ಇರುವುದು ಆ ಇಳಿಜಾರಿನಲ್ಲಿ. ಮಗು ತುಟಿ ಒಡೆದುಕೊಂಡಾಗ ಅಜ್ಜಿ ಒಳಗೆ ಹೋಗಿದ್ದಳು, ರಕ್ತ ಹೋದಾಗ ಅಕ್ಕ ಓಡಾಡಿದ್ದಳು. ನಮ್ಮ ಮನೆಯಲ್ಲಿ ರಕ್ತ ನಿಲ್ಲದಿದ್ದಾಗಲೆಲ್ಲ ಯಾರೋ ಒಬ್ಬಳು ಹೆಂಗಸು ಏನೋ ತಪ್ಪು ಮಾಡಿರುತ್ತಿದ್ದಳು.

ತಮ್ಮನ ಕಾಯಿಲೆಯನ್ನು ಎಳೆಯ ವಯಸ್ಸಿನಿಂದ ಕಂಡ ಮನೆ ನಮ್ಮದು. ಫ್ಯಾಕ್ಟರ್ ಅನ್ನುವ ಪದ ಅಪ್ಪ–ಅಮ್ಮ ಅನ್ನುವಷ್ಟೇ ಸಹಜವಾಗಿ ಬಾಯಲ್ಲಿತ್ತು. ಅಂಥ ಮನೆಯಲ್ಲಿ ಒಬ್ಬಳು ಹುಡುಗಿ ತಿಂಗಳು ತಿಂಗಳೂ ಬಿಳಿಚಿಕೊಂಡು ಮಲಗುತ್ತಿದ್ದರೂ ಯಾರಿಗೂ ಹೊಳೆಯಲಿಲ್ಲ. ಯಾಕೆಂದರೆ ‘ಹೆಂಗಸರಿಗೆ ಬರಲ್ಲ, ಅವರು ವಾಹಕಿಯರು ಅಷ್ಟೇ’ ಅನ್ನುವುದು ನಮಗೆ ಪಾಠವಾಗಿತ್ತು. ಈ ವಾಹಕಿ ಅನ್ನುವ ಪದದ ಮೇಲೆ ನನಗೆ ಈಗ ಕೋಪವಿದೆ. ಗಂಡು ಮಗುವಿಗೆ ರೋಗ ಮುಟ್ಟಿಸುವ ಗಾಡಿ, ಗಾಡಿಗೇನು ನೋವು ಅನ್ನುವಂತಿದೆ ಅದು. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಇದನ್ನು ಸರಿಪಡಿಸಿ ಹೊಸ ಹೆಸರುಗಳನ್ನು ಗೊತ್ತು ಮಾಡಿದ್ದಾರೆ. 40ಕ್ಕಿಂತ ಕಡಿಮೆ ಮಟ್ಟ ಇರುವ ಹೆಣ್ಣಿಗೂ ಹಿಮೋಫಿಲಿಯಾ ಇದೆ ಅಂತಲೇ ಹೇಳಬೇಕು. ಆ ಪ್ರಕಾರ ಅಕ್ಕನದು ಸೌಮ್ಯ ಹಿಮೋಫಿಲಿಯಾ. ಅವಳ ಚೀಲದಲ್ಲಿ ಈಗ ಹಾಗೆಂದು ಬರೆದ ಕಾರ್ಡಿದೆ. ಮುಟ್ಟಿನ ದಿನಗಳಿಗೆ, ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇದೆ. ‘ಐದೇ ದಿನಕ್ಕೆ ಮುಗೀತು ಕಣೇ’ ಅಂತ ಮೊದಲ ತಿಂಗಳು ಫೋನ್ ಮಾಡಿದ್ದಳು, ಲಾಟರಿ ಹೊಡೆದವಳ ದನಿಯಲ್ಲಿ.

ಇದರ ನಡುವೆ ನೆಂಟರೊಬ್ಬರು ‘ಇದು ರಾಜಮನೆತನದ ಕಾಯಿಲೆ’ ಅಂತ ಸಮಾಧಾನ ಹೇಳಿದರು. ವಿಕ್ಟೋರಿಯಾ ರಾಣಿಯ ಹೆಣ್ಣುಮಕ್ಕಳ ಮೂಲಕ ಯುರೋಪಿನ ಅರಮನೆಗಳಿಗೆ ಹಬ್ಬಿದ್ದು ಹಿಮೋಫಿಲಿಯಾವೇ ಹೌದು. ಆದರೆ ರಷ್ಯಾದ ರಾಜಕುಮಾರ ಅಲೆಕ್ಸಿಯ ಮೂಳೆಗಳ ಡಿಎನ್‌ಎ ನೋಡಿ ಅದು ಫ್ಯಾಕ್ಟರ್ 9ರ ಕೊರತೆ ಅಂತ 2009ರಲ್ಲಿ ಗೊತ್ತಾಯಿತು. ನಮ್ಮದು 8. ಅರಮನೆಯ ನೆಂಟಸ್ತಿಕೆಯೂ ತಪ್ಪಿತು.

ಸಲಹೆಗಾರ್ತಿ ಹೇಳಿದ ಇನ್ನೊಂದು ಸಂಗತಿಯನ್ನು ಅಮ್ಮನಿಗೆ ನಾನು ಎರಡು ಸಲ ಬಿಡಿಸಿ ಹೇಳಿದೆ. ಜೀನಿನ ತುಂಡು ಹೀಗೆ ತಲೆಕೆಳಗಾಗುವ ಅವಘಡ ಹೊಸದಾಗಿ ನಡೆಯುವುದು ಬಹುಪಾಲು ಗಂಡಿನ ವೀರ್ಯ ತಯಾರಾಗುವಾಗ. ಹೆಣ್ಣಿನಲ್ಲಿ ಎರಡು ಎಕ್ಸ್‌ಗಳೂ ಒಂದಕ್ಕೊಂದು ಜೋಡಿಯಾಗಿ ಒರಗಿರುತ್ತವೆ. ಗಂಡಿನಲ್ಲಿ ಎಕ್ಸ್‌ಗೆ ಸರಿಜೋಡಿ ಇಲ್ಲ, ಅದರ ತುದಿ ತನ್ನ ಮೇಲೆಯೇ ಮಡಚಿಕೊಳ್ಳುತ್ತದೆ. ಫ್ಯಾಕ್ಟರ್ 8ರ ಜೀನು ಇರುವುದು ಸರಿಯಾಗಿ ಆ ತುದಿಯಲ್ಲೇ. ಅಂದರೆ ತವರಿನ ಬಳುವಳಿ ಅಂತ ಹೆಂಗಸರ ತಲೆಗೆ ಕಟ್ಟಿದ ಇದು ಮೊದಲು ಹುಟ್ಟಿದ್ದು, ಬಹುಮಟ್ಟಿಗೆ, ತನಗೆ ಯಾವ ರೋಗವೂ ಇಲ್ಲದ ಯಾರೋ ಒಬ್ಬ ಮುತ್ತಜ್ಜನಲ್ಲಿ. ಎರಡನೇ ಸಲ ಹೇಳಿದಾಗ ಅಮ್ಮ, ‘ಇದನ್ನ ನಿಮ್ಮಪ್ಪನಿಗೂ ಹೇಳು’ ಅಂದಳು. ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ತಿರುಗಿಸಲಿಲ್ಲ.

ಉಳಿದದ್ದು ತಮ್ಮನ ಮಗಳು. ಆರು ವರ್ಷ. ಇಷ್ಟೆಲ್ಲ ಅರ್ಧ, ಐದರಲ್ಲೊಂದರ ನಡುವೆ, ಅಜ್ಜಿ ಅಮ್ಮಂದಿರನ್ನು ಬಿಟ್ಟರೆ, ನೂರಕ್ಕೆ ನೂರು ಖಚಿತವಾಗಿದ್ದವಳು ಅವಳೊಬ್ಬಳೇ. ಅವನಲ್ಲಿರುವುದು ಒಂದೇ ಎಕ್ಸ್; ಮಗಳು ಹುಟ್ಟಿದಳು ಅಂದರೆ ಅದನ್ನೇ ಕೊಟ್ಟಿದ್ದಾನೆ ಅಂತ ಅರ್ಥ. ಮಗ ಹುಟ್ಟಿದ್ದರೆ ವೈ ಹೋಗುತ್ತಿತ್ತು, ರೋಗ ಅಲ್ಲಿಗೇ ನಿಲ್ಲುತ್ತಿತ್ತು. ತಮ್ಮನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವಳು ಹುಟ್ಟಿದ ದಿನವೇ ಅವನು ನನ್ನ ಹತ್ತಿರ, ‘ಇವಳಿಗೆ ನಾನು ಕೊಟ್ಟಿರೋದು ಗೊತ್ತಲ್ಲ’ ಅಂದಿದ್ದ. ನಾನು ಆಗ ‘ಹೆಣ್ಣುಮಗು ತಾನೇ, ಏನೂ ಆಗಲ್ಲ’ ಅಂದಿದ್ದೆ.

ಈ ಸಲ ಅವಳ ಮಟ್ಟ ಅಳೆಸಿದೆವು. ಡಿಎನ್‌ಎ ಪರೀಕ್ಷೆಯ ಅಗತ್ಯ ಇಲ್ಲ, ಮುಂದೆ ಬೇಕೆನಿಸಿದರೆ ಅವಳೇ ನಿರ್ಧರಿಸಲಿ, ಮಟ್ಟ ಮಾತ್ರ ಈಗಲೇ ಗೊತ್ತಿರಲಿ ಅಂತ ತಜ್ಞೆ ಹೇಳಿದ್ದರು. 36 ಬಂತು.

ಹೋದ ವಾರ ಅವಳ ಮುಂದಿನ ಹಾಲುಹಲ್ಲು ಅಲ್ಲಾಡುತ್ತಿತ್ತು. ಮೊದಲಾದರೆ ದಾರ ಕಟ್ಟಿ ಎಳೆಯೋಣವೇ ಅಂತ ತಮಾಷೆ ಮಾಡುತ್ತಿದ್ದೆವು. ಅಕ್ಕ ಎರಡು ದಿನ ಮೊದಲೇ ಬಂದು ಕೂತಿದ್ದಳು. ಜೊತೆಗೆ ಗಾಯಕ್ಕೆ ಒತ್ತುವ ತೆಳು ಬಟ್ಟೆಯ ತುಂಡು, ಬಾಯಿ ಮುಕ್ಕಳಿಸುವ ಔಷಧಿ, ತಜ್ಞೆಯ ನಂಬರು ಬರೆದ ಚೀಟಿ. ಶನಿವಾರ ಸಂಜೆ ಹಲ್ಲು ತಾನಾಗಿಯೇ ಉದುರಿತು. ಹುಡುಗಿ ಬಟ್ಟೆಯನ್ನು ಕಚ್ಚಿಕೊಂಡು ಅಕ್ಕನ ತೊಡೆಯ ಮೇಲೆ ಕೂತಳು. ಅಕ್ಕ ಗಡಿಯಾರದ ಮೇಲಿನ ಕಣ್ಣು ತೆಗೆಯಲಿಲ್ಲ. ತಮ್ಮ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಅಕ್ಕ ಬಟ್ಟೆಯನ್ನು ಮೆಲ್ಲನೆ ತೆಗೆದು ಬೆಳಕಿಗೆ ಹಿಡಿದಳು, ಹುಡುಗಿಯ ತುಟಿ ಎತ್ತಿ ನೋಡಿದಳು, ‘ನಿಂತಿದೆ’ ಅಂದಳು.